ಜೈಸಲ್ಮೇರ್ ಪ್ಲಾನು, ತಲಕಾಡಿನ ಮರಳು, ನಮ್ಮತ್ತೆಯ ಎರಡು ಬಳೆ

ಹೋದ ವಾರ ನನ್ನ ಮಗ ಬೆಂಗಳೂರಿಂದ ಬಂದಿದ್ದ. ಉಂಡ ಕೈ ತೊಳೆಯೋಕೂ ಮುಂಚೆ ಮೊಬೈಲ್ ತೆಗೆದು ಒಂದು ಪ್ಲಾನ್ ತೋರಿಸ್ದ. ಜನವರಿಲಿ ರಾಜಸ್ಥಾನ. ಜೋಧ್‌ಪುರದವರೆಗೂ ವಿಮಾನ, ಅಲ್ಲಿಂದ ಡ್ರೈವರ್ ಸಮೇತ ದೊಡ್ಡ ಕಾರು. ಜೋಧ್‌ಪುರ, ಜೈಸಲ್ಮೇರ್, ಉದಯಪುರ, ಒಟ್ಟು ಎಂಟು ದಿನ. ಒಂದು ರಾತ್ರಿ ಮರಳುಗಾಡಲ್ಲಿ ಟೆಂಟು, ಒಂದು ರಾತ್ರಿ ನಿಜವಾದ ಅರಮನೆಲಿ ನಿದ್ದೆ. "ಅವ್ವ, ನೀನು ಈ ಮನೆಗೆ ಬಂದಾಗ್ನಿಂದ ಮೈಸೂರು ದಾಟಿದ್ದು ಎಷ್ಟು ಸಲ ಹೇಳು? ಒಂದ್ಸಲನಾದ್ರೂ ರಾಣಿ ಥರ ಇದ್ದು ಬಾ" ಅಂದ. ಸುಳ್ಳ್ಯಾಕೆ ಹೇಳ್ಲಿ, ನಂಗೂ ಆಸೆ ಆಯ್ತು.

ಆಮೇಲೆ ಲೆಕ್ಕ ತೆಗೆದ. ಆ ಅರಮನೆಯ ಒಂದು ರಾತ್ರಿ ಬಾಡಿಗೆ ಕೇಳಿದ್ರೆ ನಮ್ಮ ಸಂಘದಲ್ಲಿ ವರ್ಷವೆಲ್ಲಾ ಕಟ್ಟಿದ ಚೀಟಿ ದುಡ್ಡು ಅಲ್ಲಿಗೇ ಸಾಲ್ದು. "ನಿನ್ನ ಎರಡು ಬಳೆ ಬ್ಯಾಂಕಲ್ಲಿ ಇಡಾನ, ಬಡ್ಡಿ ಕಮ್ಮಿ, ಆರು ತಿಂಗ್ಳಲ್ಲಿ ಬುಡುಸ್ಕೊಡ್ತೀನಿ" ಅಂದ. ಅವನ ಮನಸ್ಸಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಆದ್ರೆ ಆ ಬಳೆ ನಮ್ಮತ್ತೆದು ಕಣ್ರವ್ವ.

ನಮ್ಮತ್ತೆ ಗಂಡನ್ನ ಕಳ್ಕೊಂಡಾಗ ಅವ್ರಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ತಿಂಗಳು ತುಂಬೋದ್ರೊಳಗೆ ಭಾಗ ಆಯ್ತು. ಬಾವಂದಿರು ತಟ್ಟೆ ಇಟ್ಟು "ಮನೆ ಒಡವೆ ಎಲ್ಲಾ ಇದರೊಳಕ್ಕೆ ಹಾಕಮ್ಮ" ಅಂದ್ರಂತೆ. ಎಲ್ಲಾ ಹಾಕಿದ್ರು. ಈ ಎರಡು ಬಳೆ ಮಾತ್ರ ರಾಗಿ ವಾಡೆ ತಳದಲ್ಲಿ ಉಳ್ಕೊಂಡ್ವು. ಅದಕ್ಕೇ ಏನೋ, ಅಲಮೇಲಮ್ಮನ ಕತೆನ ಅವ್ರು ಹೇಳ್ತಿದ್ದ ಹಾಗೆ ಇನ್ಯಾರೂ ಹೇಳಿದ್ದು ನಾನು ಕೇಳಿಲ್ಲ. ಪಟ್ಟಣದ ರಂಗನಾಥಸ್ವಾಮಿ ಗುಡಿಗೆ ಹೋದಾಗೆಲ್ಲ ರಂಗನಾಯಕಿ ಅಮ್ಮನೋರ ಮುಂದೆ ನಿಂತು ಶುರು ಹಚ್ಕೋತಿದ್ರು.

ಕತೆ ನಿಮಗೂ ಗೊತ್ತಿರೋದೆ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡ್ರು. ಅಲ್ಲೀವರೆಗೂ ಇಲ್ಲಿ ವಿಜಯನಗರದ ಕಡೆಯ ಪ್ರತಿನಿಧಿ ಇದ್ದ. ಅವನಿಗೆ ಬೆನ್ನಲ್ಲಿ ಹುಣ್ಣೆದ್ದು, ವಾಸಿಯಾಗ್ಲಿ ಅಂತ ತಲಕಾಡಿನ ವೈದ್ಯೇಶ್ವರನ ಹತ್ರ ಹೋಗಿದ್ದ, ಅಲ್ಲೇ ತೀರ್ಕೊಂಡ ಅಂತದೆ ಕತೆ. ಚರಿತ್ರೆ ಬರೆದೋರು ಇಷ್ಟು ಸುಲಭಕ್ಕೆ ಒಪ್ಪಲ್ಲ, ಮುತ್ತಿಗೆ ಹಾಕೇ ಊರು ತಗೊಂಡಿದ್ದು ಅಂತಾರೆ. ಅವನ ಹೆಂಡ್ತಿ ಅಲಮೇಲಮ್ಮ ಒಡವೆ ಗಂಟು ಕಟ್ಕೊಂಡು ತಲಕಾಡಿನ ಎದುರು ದಡದ ಮಾಲಂಗಿ ಸೇರಿದ್ಲು. ಆ ಒಡವೆನ ಮಂಗಳವಾರ, ಶುಕ್ರವಾರ ರಂಗನಾಯಕಿಗೆ ಹಾಕೋಕೆ ಕೊಡೋ ಪದ್ಧತಿ ಇತ್ತಂತೆ. ಗುಡಿಯೋರು ಹೊಸ ದೊರೆ ಹತ್ರ ಹೋದ್ರು, ದೊರೆ ಆಳು ಕಳಿಸ್ದ. ಅಲಮೇಲಮ್ಮ ಮುತ್ತಿನ ಮೂಗುತಿ ಒಂದನ್ನ ಕೊಟ್ಟು ಕಳಿಸಿದ್ಲು, ಮಿಕ್ಕಿದ್ದು ಕೊಡಲ್ಲ ಅಂದ್ಲು. ದಂಡು ಬಂತು. ಒಡವೆ ಗಂಟಿನ ಜೊತೇಲೇ ಮಡುವಿಗೆ ಹಾರ್ಕೊಂಡ್ಲು. ಹಾರೋಕ್ ಮುಂಚೆ ಶಾಪ ಇಟ್ಲು: ತಲಕಾಡು ಮರಳಲ್ಲಿ ಮುಚ್ಚೋಗ್ಲಿ, ಮಾಲಂಗಿ ಮಡುವಾಗ್ಲಿ, ಮೈಸೂರು ದೊರೆ ಮನೇಲಿ ತೊಟ್ಟಿಲು ತೂಗದಿರ್ಲಿ ಅಂತ.

ಇಲ್ಲಿ ನಮ್ಮತ್ತೆ ದನಿ ಏರ್ತಿತ್ತು. "ಒಡವೆ ಅವಳ್ದು. ದೇವರ ಹೆಸ್ರಲ್ಲಿ ಕೇಳೋಕೆ ಇವರ್ಯಾರು?" ಪೂಜಾರಪ್ಪ ಕೇಳಿಸ್ಕೊಂಡೂ ಕೇಳಿಸ್ಕೊಳ್ಳದ ಹಾಗೆ ಮಂಗಳಾರತಿ ಎತ್ತೋರು.

ಪಟ್ಟಣ ಕೈಗೆ ಬಂದ ಅದೇ ವರ್ಷ ರಾಜ ಒಡೆಯರು ಇಲ್ಲಿ ದಸರಾ ಶುರು ಮಾಡಿದ್ದು. ಈಗ ನಮ್ಮ ಪಕ್ಕದ ಕಿರಂಗೂರು ಬನ್ನಿಮಂಟಪದಲ್ಲಿ ಪಟ್ಟಣದ ದಸರಾ ಉದ್ಘಾಟನೆ ಆಯ್ತದಲ್ಲ, ಅದರ ಬೇರು ಅಲ್ಲಿದೆ. ಗೆದ್ದವರ ಹಬ್ಬ ನಾವೂ ಮಾಡ್ತೀವಿ, ಸೋತವಳ ಶಾಪನೂ ನಾವೇ ಹೇಳ್ತೀವಿ. ಮೈಸೂರು ಅರಮನೆಯೋರೂ ಅಷ್ಟೇ, ಅವಳ ಮೂರ್ತಿ ಇಟ್ಟು ಇವತ್ತಿಗೂ ಪೂಜೆ ಮಾಡ್ತಾರೆ. 2017ರ ಡಿಸೆಂಬರಲ್ಲಿ ಯದುವೀರರಿಗೆ ಗಂಡು ಮಗು ಆದಾಗ ಟಿವಿಯೋರೆಲ್ಲ ಶಾಪ ಕಳೀತು ಅಂತ ಕೂಗಾಡಿದ್ದು ನೆನಪಿದ್ಯಾ? ಅವತ್ತು ನಮ್ಮ ಬೀದಿಲಿ ಹಾಲಿನ ಡೈರಿ ಮುಂದೆ ಅದೇ ಮಾತು.

ಈಗ ಮರಳಿನ ವಿಚಾರಕ್ಕೆ ಬತ್ತೀನಿ. ಜೈಸಲ್ಮೇರ್ ಕಟ್ಟಿದ್ದು 1156ರಲ್ಲಿ ಅಂತ ಮಗ ಓದಿ ಹೇಳ್ದ. ನಮ್ಮ ವಿಷ್ಣುವರ್ಧನ ಚೋಳರಿಂದ ತಲಕಾಡು ಕಿತ್ಕೊಂಡಿದ್ದು 1116ರಲ್ಲಿ. ಅದರ ನೆನಪಿಗೇ ಅಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ್ದು. ಅದಕ್ಕೂ ಎಷ್ಟೋ ನೂರು ವರ್ಷ ಮುಂಚಿಂದ ತಲಕಾಡು ಗಂಗರಸರ ರಾಜಧಾನಿ. ಅಂಥ ಊರಿನ ಮೇಲೆ ಮರಳು ಬಂದು ಕೂತಿದ್ದು ಹೆಂಗೆ? ಬಲ್ಲವರು ಹೇಳೋದು ಹಿಂಗೆ. ಅಲಮೇಲಮ್ಮನಿಗಿಂತ ಇನ್ನೂರೈವತ್ತು ವರ್ಷಕ್ಕೂ ಮುಂಚೆ, 14ನೇ ಶತಮಾನದಲ್ಲಿ, ತಲಕಾಡಿಗೆ ಸ್ವಲ್ಪ ಮೇಲ್ಗಡೆ ಕಾವೇರಿಗೆ ಮಾಧವಮಂತ್ರಿ ಕಟ್ಟೆ ಕಟ್ಟಿದ್ರು. ಹೊಲಗದ್ದೆಗೆ ನೀರು ಹರೀತು. ಆದ್ರೆ ಕೆಳಗಡೆ ಹೊಳೆ ತಿರುಗೋ ಜಾಗದಲ್ಲಿ ನೀರು ಕಮ್ಮಿಯಾಗಿ ಮರಳ ಹಾಸು ಬಯಲಿಗೆ ಬಿತ್ತು. ಮುಂಗಾರು ಗಾಳಿ ಆ ಒಣ ಮರಳನ್ನ ಎತ್ತಿ ಎತ್ತಿ ಊರ ಮೇಲೆ ಸುರೀತು. ವರ್ಷಕ್ಕೆ ಒಂಬತ್ತು ಹತ್ತು ಅಡಿ ಮರಳು ಮುಂದಕ್ಕೆ ಬತ್ತದೆ ಅಂತ ಬ್ರಿಟಿಷರ ಕಾಲದ ಗೆಜೆಟಿಯರಲ್ಲೇ ಬರೆದವ್ರೆ. ಮೂವತ್ತಕ್ಕೂ ಹೆಚ್ಚು ಗುಡಿ ಒಳಗೆ ಹೂತೋಗಿವೆ ಅಂತಲೂ ಅದೆ. ಪಾತಾಳೇಶ್ವರನ್ನ ನೋಡೋಕೆ ಮೆಟ್ಟಿಲಿಳಿದು ಹಳ್ಳಕ್ಕೆ ಹೋಗ್ಬೇಕು. ನಾವು ನಿಂತಿರೋದು ಯಾವ ಬೀದಿ ಮೇಲೋ, ಯಾರ ಮನೆ ಅಟ್ಟದ ಮೇಲೋ ಅನ್ನಿಸ್ತದೆ.

ಹಂಗಾದ್ರೆ ಶಾಪ ಸುಳ್ಳಾ ಅಂದ ಮಗ. ಮರಳಿಗೆ ಕಾರಣ ಕಟ್ಟೆ ಮತ್ತೆ ಗಾಳಿ, ಅದರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಆ ಕಾಲದ ಎಷ್ಟು ಹೆಂಗಸರ ಹೆಸರು ನಮಗೆ ಗೊತ್ತು ಹೇಳಿ? ಊರು ಗೆದ್ದವನ ಹೆಸರಿಗೆ ಶಾಸನ ಅದೆ, ವಂಶಾವಳಿ ಅದೆ. ಒಡವೆ ಕೊಡಲ್ಲ ಅಂದವಳ ಹೆಸರು ಉಳಿದದ್ದು ಆ ಶಾಪದಿಂದ.

ತಮಾಷೆ ಅಂದ್ರೆ ಮಗನ ಪ್ಲಾನಿನ ಊರುಗಳಲ್ಲೂ ಇಂಥವೇ ಶಾಪ ಅವೆ. ಜೋಧ್‌ಪುರದಲ್ಲಿ 1459ರಲ್ಲಿ ರಾವ್ ಜೋಧಾ ಬೆಟ್ಟದ ಮೇಲೆ ಕೋಟೆ ಕಟ್ಟೋಕೆ ಅಲ್ಲಿದ್ದ ಸನ್ಯಾಸಿನ ಎಬ್ಬಿಸ್ದ, ಅವನು ಈ ಊರಿಗೆ ನೀರಿನ ಬರ ಬರಲಿ ಅಂತ ಶಪಿಸ್ದ ಅಂತಾರೆ. ಅದೇ ಊರಿನ ಉಮೈದ್ ಭವನ 1929ರಿಂದ 1943ರವರೆಗೂ ಕಟ್ಟಿದ್ದು, ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗ್ಲಿ ಅಂತ. ಜೈಸಲ್ಮೇರ್ ಹತ್ರ ಕುಲ್ಧರಾ ಅಂತ ಪಾಳು ಹಳ್ಳಿ ಅದೆ. ದಿವಾನ ಸಾಲಿಂ ಸಿಂಗ್ ಊರ ಹುಡುಗಿ ಮೇಲೆ ಕಣ್ಣು ಹಾಕಿದ್ದಕ್ಕೆ ಪಾಲಿವಾಲರು ಇಡೀ ಊರನ್ನೇ ಬಿಟ್ಟು, ಇಲ್ಲಿ ಇನ್ಯಾರೂ ಬಾಳದಿರ್ಲಿ ಅಂದು ಹೋದ್ರಂತೆ. ಬಾವಿ ಬತ್ತಿ, ಕಂದಾಯ ಏರಿ ಬಿಟ್ಟೋದ್ರು ಅನ್ನೋರೂ ಅವ್ರೆ. ಹಂಗಾಗಿ ಅಲ್ಲಿಗೆ ಹೋಗೋ ಆಸೆ ನಂಗೆ ಜಾಸ್ತಿನೇ ಆಗದೆ, ಕಮ್ಮಿ ಆಗಿಲ್ಲ.

ಅರಮನೆ ನಿದ್ದೆ ಮಾತ್ರ ಬೇಡ ಅಂದೆ. ಅರಮನೆ ಎಷ್ಟು ದಿನ ನಿಂತದೆ ಅಂತ ಪಟ್ಟಣದೋರಿಗೆ ಹೇಳ್ಬೇಕಾ? ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಉಳೀತು, ಕೋಟೆ ಒಳಗಿನ ಲಾಲ್ ಮಹಲ್ ಬರೀ ತಳಪಾಯ. ಗಂಜಾಂ ಕಡೆಯ ಲಾಲ್‌ಬಾಗ್ ಅರಮನೆಯ ತೊಲೆಗಳು ಊಟಿ ಬೆಟ್ಟ ಹತ್ತಿ ಸೇಂಟ್ ಸ್ಟೀಫನ್ ಚರ್ಚಿಗೆ ಸೇರ್ಕೊಂಡ್ವು. ಮೈಸೂರಿನ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿ ಮದುವೆ ಗದ್ದಲದಲ್ಲೇ, ಸುಟ್ಟೋಯ್ತು. ಆವಾಗ ದೊರೆ ಇನ್ನೂ ಚಿಕ್ಕೋರು, ಆಳ್ತಿದ್ದದ್ದು ಗಂಡ ಸತ್ತ ಅವರ ತಾಯಿ ಕೆಂಪನಂಜಮ್ಮಣ್ಣಿ. ಹೊಸ ಅರಮನೆಗೆ ಕೈ ಹಾಕಿದ್ದು ಅವರೇ. 1912ರಲ್ಲಿ ಮುಗಿದಾಗ ಖರ್ಚು 41,47,913 ರೂಪಾಯಿ. ಆ ಕಡೇ ಹದಿಮೂರು ರೂಪಾಯಿನೂ ಬಿಡದೆ ಲೆಕ್ಕ ಬರೆದಿರೋದು ನೋಡಿದ್ರೆ ನಂಗೆ ನಮ್ಮ ಸಂಘದ ಪುಸ್ತಕ ನೆನಪಾಯ್ತದೆ.

ಮಗ ಎರಡು ದಿನ ಮುಖ ಊದಿಸ್ಕೊಂಡಿದ್ದ. ನಾನು ಅವನಿಗೆ ಬಳೆ ಕತೆ ಪೂರ್ತಿ ಹೇಳಿರಲಿಲ್ಲ, ಸೊಸೆ ಕೂರಿಸ್ಕೊಂಡು ಹೇಳಿದ್ಲು. ನಿನ್ನೆ ಹೊಸ ಪ್ಲಾನ್ ಕಳಿಸವ್ನೆ. ಎಂಟು ದಿನ ಆರಾಗದೆ, ವಿಮಾನ ಹೋಗಿ ರೈಲು ಬಂದದೆ. ಟೆಂಟು ಉಳ್ಕೊಂಡದೆ. ಕುಲ್ಧರಾ ಸೇರಿದೆ.

ಅದಕ್ಕೂ ಮುಂಚೆ ಬರೋ ಭಾನುವಾರ ನನ್ನ ಪ್ಲಾನು. ಬೆಳಗ್ಗೆ 6ಕ್ಕೆ ಮನೆ ಬಿಟ್ಟು ಬನ್ನೂರು, ನರಸೀಪುರದ ಮೇಲೆ, ಬಿಸಿಲೇರೋದ್ರೊಳಗೆ ತಲಕಾಡು. ಚಪ್ಪಲಿ ಬಿಟ್ಟು ನಡೀಬೇಕು, ಹತ್ತು ಗಂಟೆ ಆದ್ಮೇಲೆ ಮರಳು ಕಾಲು ಸುಡ್ತದೆ, ಬರೋರು ಕಾಲುಚೀಲ ತನ್ನಿ. ಹೊಳೆಲಿ ಸುಳಿ ಅವೆ, ಮಕ್ಕಳ ಕೈ ಬಿಡ್ಬೇಡಿ. ವಾಪಸ್ ಬರುವಾಗ ಮೈಸೂರಿನ ಲಲಿತಮಹಲ್ ಮುಂದೆ ಒಂದು ಫೋಟೋ. ಅದು 1921ರಲ್ಲಿ ವೈಸರಾಯ್ ಬಂದ್ರೆ ಇಳ್ಕೊಳ್ಳೋಕೆ ಅಂತ ಕಟ್ಟಿಸಿದ್ದು. ಕಾರಲ್ಲಿ ಇನ್ನೂ ಎರಡು ಸೀಟು ಖಾಲಿ ಅವೆ. ಚಿತ್ರಾನ್ನ, ಮೊಸರನ್ನ ನನ್ನದು, ಕೋಡುಬಳೆ ಯಾರಾದ್ರೂ ಮಾಡ್ಕೊಂಡು ಬನ್ನಿ. ಬಳೆ ಎರಡೂ ಹಾಕ್ಕೊಂಡೇ ಬತ್ತೀನಿ.