ಅಧಿಕಾರ ಹಂಚಿತು, ದೇಶ ಉಳಿಯಿತು

2004ರ ಡಿಸೆಂಬರ್ 26ರಂದು ಇಂಡೊನೇಷ್ಯದ ಬಂಡಾ ಅಚೆ ನಗರದ ಜೈಲಿಗೆ ಸುನಾಮಿಯ ನೀರು ನುಗ್ಗಿತು. ಛಾವಣಿ ಒಡೆದುಕೊಂಡು ಪಾರಾದ ಕೈದಿ ಇರ್ವಾಂಡಿ ಯೂಸುಫ್. ಪ್ರತ್ಯೇಕ ದೇಶಕ್ಕಾಗಿ ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದ ‘ಸ್ವತಂತ್ರ ಅಚೆ ಚಳವಳಿ’ಯ ಪ್ರಚಾರಕ. ಎರಡು ವರ್ಷ ಕಳೆಯುವಷ್ಟರಲ್ಲಿ ಅವರು ಅದೇ ಅಚೆ ಪ್ರಾಂತ್ಯದ ಗವರ್ನರ್ ಆಗಿ ಜನರಿಂದಲೇ ಚುನಾಯಿತರಾದರು. ಇದು ಹೇಗೆ ಸಾಧ್ಯವಾಯಿತು?

ಅಧ್ಯಕ್ಷ ಸುಹಾರ್ತೊ ಅವರ ಮೂರು ದಶಕಗಳ ಆಳ್ವಿಕೆಯಲ್ಲಿ ಎಲ್ಲ ತೀರ್ಮಾನಗಳೂ ರಾಜಧಾನಿ ಜಕಾರ್ತದಲ್ಲೇ ಆಗುತ್ತಿದ್ದವು. ಅಚೆಯ ನೆಲದಿಂದ 1978ರಿಂದ ನೈಸರ್ಗಿಕ ಅನಿಲ ಜಪಾನಿಗೆ ರಫ್ತಾಗುತ್ತಿತ್ತು. ಆದರೆ ಅದರ ಆದಾಯದಲ್ಲಿ ಸ್ಥಳೀಯರಿಗೆ ದಕ್ಕಿದ್ದು ಅತ್ಯಲ್ಪ. 1976ರಲ್ಲಿ ಆರಂಭವಾದ ಬಂಡಾಯಕ್ಕೆ ಈ ಅಸಮಾಧಾನವೂ ಇಂಧನವಾಯಿತು.

1997ರ ಏಷ್ಯಾದ ಹಣಕಾಸು ಬಿಕ್ಕಟ್ಟಿನಲ್ಲಿ ರುಪಯಾ ನೆಲಕಚ್ಚಿತು. ಮರುವರ್ಷದ ಮೇ ತಿಂಗಳಲ್ಲಿ ಸುಹಾರ್ತೊ ಅಧಿಕಾರ ಬಿಟ್ಟರು. 1999ರಲ್ಲಿ ಪೂರ್ವ ತಿಮೋರ್ ಜನಮತಗಣನೆಯ ಮೂಲಕ ಸ್ವಾತಂತ್ರ್ಯವನ್ನು ಆರಿಸಿಕೊಂಡಿತು. ಅಚೆಯಲ್ಲೂ ಜನಮತಗಣನೆಯ ಕೂಗೆದ್ದಿತು. ದೇಶವೇ ಚೂರಾದೀತೆಂಬ ಭೀತಿ ಹಬ್ಬಿತು.

ಅದೇ ವರ್ಷ ಅಧ್ಯಕ್ಷ ಹಬೀಬಿ ಅವರ ಸರ್ಕಾರ ಎರಡು ಕಾನೂನುಗಳನ್ನು ತಂದಿತು. ಒಂದು ಅಧಿಕಾರವನ್ನು ಹಂಚಿದರೆ, ಇನ್ನೊಂದು ಆದಾಯವನ್ನು ಹಂಚಿತು. 2001ರ ಜನವರಿ 1ರಿಂದ ಶಾಲೆ, ಆಸ್ಪತ್ರೆ, ರಸ್ತೆಗಳ ಹೊಣೆ ಸ್ಥಳೀಯ ಆಡಳಿತಕ್ಕೆ ಬಂತು. ಸುಮಾರು 20 ಲಕ್ಷ ನೌಕರರು ಅದರ ಅಧೀನಕ್ಕೆ ಬಂದರು. ಗಮನಿಸಬೇಕಾದ ಅಂಶವೆಂದರೆ, ಹೆಚ್ಚಿನ ಅಧಿಕಾರ ಸಿಕ್ಕಿದ್ದು ಪ್ರಾಂತ್ಯಗಳಿಗಲ್ಲ, ಜಿಲ್ಲೆಗಳಿಗೆ. ದೊಡ್ಡ ಪ್ರಾಂತ್ಯ ಪ್ರತ್ಯೇಕ ದೇಶ ಕೇಳಬಹುದು. ಸಣ್ಣ ಜಿಲ್ಲೆ ಕೇಳಲಾರದು ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಅಚೆಗೆ ಇಷ್ಟು ಸಾಕಾಗಲಿಲ್ಲ. 2001ರಲ್ಲಿ ವಿಶೇಷ ಸ್ವಾಯತ್ತತೆ ಕೊಟ್ಟರೂ ಕಾದಾಟ ನಿಲ್ಲಲಿಲ್ಲ. 2003ರಲ್ಲಿ ಸೇನಾಡಳಿತ ಹೇರಲಾಯಿತು. ಸುನಾಮಿಯ ಮಹಾದುರಂತ ಎರಡೂ ಕಡೆಯವರನ್ನು ಸಂಧಾನದತ್ತ ತಳ್ಳಿತು. 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಒಪ್ಪಂದವಾಯಿತು. ಬಂಡುಕೋರರು ಸ್ವಾತಂತ್ರ್ಯದ ಬೇಡಿಕೆ ಕೈಬಿಟ್ಟರು. ಸ್ಥಳೀಯ ಪಕ್ಷಗಳಿಗೆ ಅವಕಾಶ ಕೊಡಲು, ತೈಲ ಮತ್ತು ಅನಿಲದ ಆದಾಯದಲ್ಲಿ ಶೇ 70ರಷ್ಟನ್ನು ಅಚೆಗೇ ಬಿಡಲು ಸರ್ಕಾರ ಒಪ್ಪಿತು. ಸುಮಾರು ಮೂವತ್ತು ವರ್ಷಗಳ ಯುದ್ಧ ಕೊನೆಗೊಂಡಿತು.

ಆದರೆ ಕತೆ ಅಲ್ಲಿಗೇ ಮುಗಿಯಲಿಲ್ಲ. 2014ರಲ್ಲಿ ಅನಿಲದ ರಫ್ತು ನಿಂತಿತು. ಅಷ್ಟರಲ್ಲಿ, 2008ರಿಂದಲೇ ಕೇಂದ್ರದ ವಿಶೇಷ ನಿಧಿ ಅಚೆಗೆ ಹರಿದುಬರತೊಡಗಿತ್ತು. ಹಾಗಿದ್ದೂ ಅಚೆ ಬಹುಕಾಲ ಸುಮಾತ್ರಾದ ಅತ್ಯಂತ ಬಡ ಪ್ರಾಂತ್ಯಗಳ ಸಾಲಿನಲ್ಲೇ ಉಳಿಯಿತು. 2018ರಲ್ಲಿ, ಮತ್ತೆ ಗವರ್ನರ್ ಆಗಿದ್ದ ಇರ್ವಾಂಡಿ ಇದೇ ನಿಧಿಯ ಕಾಮಗಾರಿಗಳಿಗೆ ಸಂಬಂಧಿಸಿದ ಲಂಚದ ಆರೋಪದಲ್ಲಿ ಬಂಧಿತರಾದರು, ಮರುವರ್ಷ ಶಿಕ್ಷೆಯಾಯಿತು. ಅತ್ತ ಪಪುವಾದಲ್ಲಿ 2001ರಲ್ಲೇ ಸ್ವಾಯತ್ತತೆಯ ಕಾನೂನು ಬಂದರೂ ಸಂಘರ್ಷ ಶಮನವಾಗಿಲ್ಲ.

ಅಧಿಕಾರ ಹಂಚಿದರೆ ದೇಶ ಒಡೆಯುತ್ತದೆ ಎಂಬ ಭಯವನ್ನು ಇಂಡೊನೇಷ್ಯ ಸುಳ್ಳಾಗಿಸಿತು. ಆದರೆ ಜಿಲ್ಲೆಗೆ ಬಂದ ಹಣ ಬಡವನ ಮನೆಯವರೆಗೂ ತಲುಪಬೇಕಾದರೆ, ಅದಕ್ಕೆ ಲೆಕ್ಕ ಕೇಳುವ ಜನರೂ ಆ ಊರಿನಲ್ಲಿರಬೇಕು.