ಆ ಗುಂಡು ತಪ್ಪಿದ್ದರೆ ನಿಗಡಿ ಇರುತ್ತಿತ್ತಾ? ‘ಡಾರ್ಕ್’ ಥಿಯರಿಗಳು ಮತ್ತು ಪಾಣಿಪತ್

ಇವತ್ತಿನ ಮಾತು ಜರ್ಮನಿಯ ‘ಡಾರ್ಕ್’ ಧಾರಾವಾಹಿಯಿಂದ ಶುರುವಾಗಿ ಪಾಣಿಪತ್ತಿಗೆ ಹೋಗಿ, ಅಲ್ಲಿಂದ ನಮ್ಮ ನಿಗಡಿಗೆ ಬರುತ್ತೆ. ಧಾರಾವಾಹಿ ನೋಡಿಲ್ಲದವರು ಮೊದಲು ನೋಡಿ ಬನ್ನಿ. ಕೊನೆ ಎಪಿಸೋಡಿನ ಗುಟ್ಟು ಹೇಳದೆ ಈ ವಿಷಯ ಮಾತಾಡೋಕೆ ಆಗಲ್ಲ.

‘ಡಾರ್ಕ್’ ಮೊದಲ ಸೀಸನ್ ಬಂದಿದ್ದು 2017ರ ಡಿಸೆಂಬರ್‌ನಲ್ಲಿ. ವಿಂಡನ್ ಅನ್ನೋ ಸಣ್ಣ ಊರು, ಪಕ್ಕದಲ್ಲಿ ಅಣು ವಿದ್ಯುತ್ ಸ್ಥಾವರ, ಕಾಡಿನಲ್ಲೊಂದು ಗುಹೆ. 2019ರಲ್ಲಿ ಕಾಣೆಯಾದ ಹುಡುಗ ಮಿಕ್ಕೆಲ್ 1986ರಲ್ಲಿ ಸಿಗುತ್ತಾನೆ, ಅಲ್ಲೇ ಬೆಳೆದು ನಾಯಕ ಯೋನಾಸ್‌ನ ಅಪ್ಪನಾಗುತ್ತಾನೆ. ಕಥೆಯೊಳಗೆ ಪ್ರಳಯ ಆಗೋ ದಿನ 27 ಜೂನ್ 2020. ಕೊನೆ ಸೀಸನ್ ಬಿಡುಗಡೆಯಾಗಿದ್ದೂ ಅದೇ ದಿನ. ನಾವೆಲ್ಲ ಮನೆಯಿಂದಲೇ ಕೆಲಸ ಮಾಡ್ತಾ, ಯಾವ ತಿಂಗಳು ಯಾವ ವಾರ ಅಂತ ಮರೆತು ಕೂತಿದ್ದ ಕಾಲ ಅದು. ಕಾಲದ ಬಗ್ಗೆ ಥಿಯರಿ ಕಟ್ಟೋಕೆ ಅದಕ್ಕಿಂತ ಒಳ್ಳೆ ಸಮಯ ಬೇಕಾ?

ಅಭಿಮಾನಿಗಳು ಕಟ್ಟಿದ ಥಿಯರಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದರ ಪ್ರಕಾರ ಆದದ್ದೆಲ್ಲ ಹಾಗೇ ಆಗಬೇಕಿತ್ತು, ನೀನು ಹಿಂದೆ ಹೋಗಿ ತಡೆಯೋಕೆ ನೋಡಿದ್ದೇ ಅದಕ್ಕೆ ಕಾರಣ. ಶಾರ್ಲೊಟ್ ಮತ್ತು ಎಲಿಸಬೆತ್ ಪರಸ್ಪರ ತಾಯಿ-ಮಗಳು, ಅಂದ್ರೆ ಇಬ್ಬರೂ ಇಬ್ಬರಿಗೂ ತಾಯಿ. ನಮ್ಮಲ್ಲಿ ಇದಕ್ಕೆ ಬೀಜವೃಕ್ಷನ್ಯಾಯ ಅಂತ ಹೆಸರಿಟ್ಟು ಎಷ್ಟೋ ಕಾಲವಾಯ್ತು. ಎರಡನೆಯದು, ಎಲ್ಲೋ ಒಂದು ಕಡೆ ದಾರಿ ಕವಲೊಡೆದಿದೆ, ಆ ಜಾಗ ಹುಡುಕಿದರೆ ಗಂಟು ಬಿಚ್ಚಬಹುದು ಅನ್ನೋದು.

ಇವನ್ನ ಬರೀ ಕಾಲಹರಣ ಅಂತ ತಳ್ಳಿಹಾಕೋದು ನನಗೆ ಒಪ್ಪಿಗೆಯಿಲ್ಲ. ರೆಗಿನಾಳ ಅಪ್ಪ ಯಾರು ಅನ್ನೋ ವಾದವನ್ನೇ ನೋಡಿ. ಟ್ರಾಂಟೆ ಅಂತ ತುಂಬಾ ಜನ ಹೇಳ್ತಿದ್ದರು. ಆದರೆ ಕೊನೆಯ ದೃಶ್ಯದಲ್ಲಿ, ಕಾಲಯಾನವೇ ನಡೆಯದ ಮೂಲ ಜಗತ್ತಿನ ಊಟದ ಮೇಜಿನ ಮುಂದೆ ರೆಗಿನಾ ಕೂತಿದ್ದಾಳೆ. ಟ್ರಾಂಟೆ ಕಾಲಯಾನದಿಂದ ಹುಟ್ಟಿದ ವಂಶದವನು, ಆ ಜಗತ್ತಿನಲ್ಲಿ ಅವನೇ ಇಲ್ಲ. ಅವನೇ ಇಲ್ಲದ ಕಡೆ ಅವನ ಮಗಳು ಹೇಗಿರ್ತಾಳೆ? ಹೀಗೆ ಒಂದು ಸಾಕ್ಷ್ಯ ಹಿಡಿದು ಒಂದು ಥಿಯರಿ ಬೀಳಿಸಿದರು. ಹಲ್ಮಿಡಿ ಶಾಸನದಲ್ಲಿ ಇಸವಿ ಬರೆದಿಲ್ಲ. ಲಿಪಿ ನೋಡಿ, ಅದರಲ್ಲಿ ಬರುವ ರಾಜನ ಹೆಸರು ನೋಡಿ ಸುಮಾರು ಕ್ರಿ.ಶ. 450 ಅಂತ ವಿದ್ವಾಂಸರು ಲೆಕ್ಕ ಹಾಕಿದ್ದು. ಕೆಲಸದ ರೀತಿ ಒಂದೇ, ಜವಾಬ್ದಾರಿ ಬೇರೆ ಅಷ್ಟೆ.

ಕವಲೊಡೆದ ಚರಿತ್ರೆಯ ಒಂದು ಒಳ್ಳೆ ಕಥೆ ಪುಣೆಯದ್ದೇ ಇದೆ. ಬರೆದವರು ಜಯಂತ ನಾರ್ಳೀಕರ್. ಇಲ್ಲಿನ ಐಯುಕಾ ಸಂಸ್ಥೆಯ ಸ್ಥಾಪಕ ನಿರ್ದೇಶಕರು, 2025ರ ಮೇ 20ರಂದು ಪುಣೆಯಲ್ಲೇ ತೀರಿಕೊಂಡರು. ಮಕ್ಕಳು ಸಿಬಿಎಸ್‌ಇ ಹನ್ನೊಂದನೇ ಕ್ಲಾಸಿನಲ್ಲಿದ್ದರೆ ಇಂಗ್ಲಿಷ್ ಪಠ್ಯದಲ್ಲಿ ‘ದಿ ಅಡ್ವೆಂಚರ್’ ಅಂತ ಓದಿರ್ತಾರೆ. ಗಂಗಾಧರಪಂತ ಅನ್ನೋ ಚರಿತ್ರೆ ಪ್ರೊಫೆಸರ್ ಪುಣೆಯಲ್ಲಿ ಟ್ರಕ್ಕಿಗೆ ಡಿಕ್ಕಿ ಹೊಡೆಸಿಕೊಂಡು, ಎದ್ದಾಗ ಇನ್ನೊಂದು ಭಾರತದಲ್ಲಿರ್ತಾರೆ. ಅಲ್ಲಿ ಮೂರನೇ ಪಾಣಿಪತ್ ಕದನವನ್ನ ಮರಾಠರು ಗೆದ್ದಿದ್ದಾರೆ. ಕಾರಣ ಒಂದೇ ಒಂದು ಗುಂಡು. ನಮ್ಮ ಚರಿತ್ರೆಯಲ್ಲಿ ಅದು ಪೇಶ್ವೆ ನಾನಾಸಾಹೇಬರ ಮಗ ವಿಶ್ವಾಸರಾಯನಿಗೆ ತಗುಲಿತು. ಅಲ್ಲಿ ಕಿವಿ ಪಕ್ಕ ಹಾದುಹೋಯ್ತು.

ನಿಜವಾದ ಕದನ ನಡೆದಿದ್ದು 1761ರ ಜನವರಿ 14ರಂದು. ವಿಶ್ವಾಸರಾಯ ಬಿದ್ದ ಮೇಲೆ ಸೈನ್ಯದ ಎದೆ ಒಡೆಯಿತು, ದಂಡನಾಯಕ ಸದಾಶಿವರಾವ್ ಭಾವೂ ಆನೆ ಬಿಟ್ಟು ಕುದುರೆ ಹತ್ತಿ ಕಾಳಗದ ನಡುವೆ ನುಗ್ಗಿದ ಅಂತಾರೆ. ಸುದ್ದಿ ಪೇಶ್ವೆಗೆ ಮುಟ್ಟಿದ್ದು ಒಬ್ಬ ಸಾಹುಕಾರನ ಗೂಢ ಪತ್ರದಲ್ಲಿ: ಎರಡು ಮುತ್ತು ಕರಗಿದವು, ಇಪ್ಪತ್ತೇಳು ಚಿನ್ನದ ಮೊಹರು ಹೋದವು, ಬೆಳ್ಳಿ ತಾಮ್ರಕ್ಕೆ ಲೆಕ್ಕವೇ ಇಲ್ಲ ಅನ್ನೋ ಅರ್ಥದ್ದು. ನಾನಾಸಾಹೇಬರು ಅದೇ ಜೂನ್‌ನಲ್ಲಿ ಪಾರ್ವತಿ ಗುಡ್ಡದ ಮೇಲೆ ಪ್ರಾಣ ಬಿಟ್ಟರು. ಮರಾಠಿಯಲ್ಲಿ ಇವತ್ತಿಗೂ ‘ಪಾನಿಪತ ಆಯ್ತು’ ಅಂದ್ರೆ ಎಲ್ಲಾ ಮುಗೀತು ಅಂತ. ‘ವಿಶ್ವಾಸ ಪಾನಿಪತದಲ್ಲಿ ಹೋಯ್ತು’ ಅನ್ನೋ ಮಾತೂ ಇದೆ. ನಮಗೆ ಅದರ ಶ್ಲೇಷೆ ಬಿಡಿಸಿ ಹೇಳಬೇಕಾಗಿಲ್ಲ.

ವಿಶ್ವಾಸರಾಯನ ದೇಹದ ಗುರುತು ಸಿಕ್ಕಿತು. ಭಾವೂನದ್ದು ಸಿಕ್ಕಿತೋ ಇಲ್ಲವೋ ಅನ್ನೋದರಲ್ಲಿ ಅನುಮಾನ ಉಳಿಯಿತು, ತಲೆಯಿಲ್ಲದ ಒಂದು ದೇಹವನ್ನ ಅವನದೇ ಅಂತ ದಹನ ಮಾಡಿದರು. ಅಷ್ಟು ಸಾಕಾಯ್ತು. ಭಾವೂ ಬದುಕಿದ್ದಾನೆ ಅನ್ನೋ ಮಾತು ಊರೂರು ಸುತ್ತಿತು. ಹೆಂಡತಿ ಪಾರ್ವತೀಬಾಯಿ ತಾನು ವಿಧವೆ ಅಂತ ಒಪ್ಪಿಕೊಳ್ಳಲೇ ಇಲ್ಲ ಅಂತ ಪುಣೆ ನೆನಪಿಟ್ಟುಕೊಂಡಿದೆ. ಆಮೇಲೆ ‘ನಾನೇ ಭಾವೂ’ ಅಂತ ಒಬ್ಬ ಬಂದ. ಅವನನ್ನ ಸೆರೆಯಲ್ಲಿಟ್ಟರು, ತಪ್ಪಿಸಿಕೊಂಡು ಕೊಂಕಣದಲ್ಲಿ ದಂಡು ಕಟ್ಟಿದ, 1776ರಲ್ಲಿ ಮರಣದಂಡನೆ ಆಯ್ತು. ಮರಾಠಿಯವರು ಅವನನ್ನ ‘ತೋತಯಾ’, ಅಂದ್ರೆ ವೇಷಧಾರಿ ಅಂತ ಕರೀತಾರೆ. ದೇಹ ಕಾಣದಿದ್ದರೆ ಪಾತ್ರ ಸತ್ತಿಲ್ಲ ಅನ್ನೋ ಥಿಯರಿ ಯಾವ ಧಾರಾವಾಹಿಗಿಂತಲೂ ಹಳೇದು ನೋಡಿ. ವ್ಯತ್ಯಾಸ ಏನಪ್ಪಾ ಅಂದ್ರೆ, ಇಲ್ಲಿ ಆ ಥಿಯರಿ ನಂಬಿಕೊಂಡು ಜನ ಕತ್ತಿ ಹಿಡಿದರು.

ಈಗ ನಿಗಡಿಗೆ ಬರೋಣ. ಗಂಗಾಧರಪಂತ ಆ ಇನ್ನೊಂದು ಭಾರತದಲ್ಲಿ ಪುಣೆಯಿಂದ ಮುಂಬೈಗೆ ರೈಲು ಹತ್ತುತ್ತಾರೆ. ಡೆಕ್ಕನ್ ಕ್ವೀನ್‌ಗಿಂತ ಜೋರಾಗಿ ಓಡುತ್ತೆ, ಲೋಣಾವಳಾಕ್ಕೆ 40 ನಿಮಿಷ. ಅವರು ಗಮನಿಸೋ ಇನ್ನೊಂದು ವಿಷಯ ಏನಂದ್ರೆ, ಪುಣೆಯ ಹೊರಗೆ ಕೈಗಾರಿಕಾ ಊರುಗಳೇ ಇಲ್ಲ. ಪಾಠ ಮಾಡುವಾಗ ಯಾರೂ ಈ ಸಾಲಿನ ಹತ್ತಿರ ನಿಲ್ಲಲ್ಲ. ಆದರೆ ನಾವು ನಿಲ್ಲಬೇಕು, ಯಾಕೆಂದರೆ ಆ ‘ಇಲ್ಲ’ದಲ್ಲಿ ನಾವಿದ್ದೀವಿ. ಖಡಕಿಯಲ್ಲಿ 1817ರಲ್ಲಿ ಇಂಗ್ಲಿಷರು ಪೇಶ್ವೆಯನ್ನ ಸೋಲಿಸಿದ್ದು, ದಂಡಿನ ನೆಲೆ, ಬೋರ್ ಘಾಟಿನ ರೈಲು, ಮದ್ದುಗುಂಡಿನ ಕಾರ್ಖಾನೆ, ಸ್ವಾತಂತ್ರ್ಯದ ನಂತರ 1954ರಲ್ಲಿ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್, ಆಮೇಲೆ ಟೆಲ್ಕೊ, ಬಜಾಜ್, ಕಾರ್ಮಿಕರಿಗೆ ಮನೆ ಬೇಕು ಅಂತ 1972ರಲ್ಲಿ ಪ್ರಾಧಿಕರಣ. ಹಿಂಜವಡಿ ಐಟಿ ಪಾರ್ಕು ಬಂದಿದ್ದು ಇವೆಲ್ಲದರ ಬೆನ್ನಿಗೆ. ಭಕ್ತಿ-ಶಕ್ತಿ ಚೌಕದಲ್ಲಿ ಆಫೀಸ್ ಬಸ್ಸಿಗೆ ಕಾಯೋ ನಾವು ಆ ಸೋಲಿನ ಉದ್ದನೆಯ ಬಾಲದ ತುದಿಯಲ್ಲಿರೋರು.

ಕನ್ನಡದವರಿಗೆ ಇನ್ನೊಂದು ತೊಡಕಿದೆ. ಮರಾಠಿ ಸಹೋದ್ಯೋಗಿ ‘ಅವತ್ತು ಗೆದ್ದಿದ್ದರೆ’ ಅಂದಾಗ ನಾವು ತಲೆಯಾಡಿಸ್ತೀವಿ. ಆದರೆ ಅದೇ 1761ರಲ್ಲಿ ಶ್ರೀರಂಗಪಟ್ಟಣದಲ್ಲಿ ಹೈದರ್ ಅಲಿ ಅಧಿಕಾರ ಹಿಡಿದ. ಪಾಣಿಪತ್ತಿನಲ್ಲಿ ಕುಗ್ಗದ ಮರಾಠಾ ಸೈನ್ಯ ಕೃಷ್ಣಾ-ತುಂಗಭದ್ರೆ ದಾಟಿ ಬಂದಿದ್ದರೆ ಹೈದರ್ ನಿಲ್ತಿದ್ದನಾ? ಕುಗ್ಗಿದ ಮೇಲೂ ಮಾಧವರಾಯ ಪೇಶ್ವೆ ಅವನನ್ನ ಸಾಕಷ್ಟು ಸಲ ಹಣಿದರು. ಹೈದರ್ ಇಲ್ಲ ಅಂದ್ರೆ ಟಿಪ್ಪು ಇಲ್ಲ, 1799 ಇಲ್ಲ, ಒಡೆಯರಿಗೆ ಮೈಸೂರು ವಾಪಸ್ ಬಂದ ಬಗೆ ಇಲ್ಲ, 1809ರ ಬೆಂಗಳೂರು ಕಂಟೋನ್ಮೆಂಟ್ ಇಲ್ಲ. ಬೇರೆ ಏನೋ ಇರ್ತಿತ್ತು, ಇನ್ನೂ ಚೆನ್ನಾಗೂ ಇರಬಹುದಿತ್ತು. ಆದರೆ ಅಲ್ಲಿ ಇರ್ತಿದ್ದ ಜನ ನಾವಲ್ಲ.

ನಾರ್ಳೀಕರ್ ಕಥೆಯನ್ನ ‘ಗೆದ್ದಿದ್ದರೆ ದೇಶ ಹೇಗಿರ್ತಿತ್ತು’ ಅಂತಷ್ಟೇ ಓದೋರು ಹೆಚ್ಚು. ಕೊನೆಯಲ್ಲಿ ಬರೋ ಎಲೆಕ್ಟ್ರಾನು, ಕ್ವಾಂಟಂ ವಿವರಣೆ ಹಿಡಿದುಕೊಂಡೋರೂ ಇದ್ದಾರೆ. ನನಗೆ ಕಥೆಯ ಜೀವ ಅನ್ನಿಸೋದು ಮುಂಬೈಯ ಫೋರ್ಬ್ಸ್ ಬಿಲ್ಡಿಂಗಿನ ಸಣ್ಣ ಸನ್ನಿವೇಶ. ಪಂತರು ನೇರ ಅಲ್ಲಿಗೆ ಹೋಗಿ ಮಗ ವಿನಯನನ್ನ ಕೇಳ್ತಾರೆ. ರಿಸೆಪ್ಷನ್‌ನ ಹುಡುಗಿ ಪಟ್ಟಿಗಳನ್ನೆಲ್ಲ ತಿರುವಿ ನೋಡಿ, ಆ ಹೆಸರಿನವರು ಇಲ್ಲಿಲ್ಲ ಅಂತಾಳೆ. ಈ ಜಗತ್ತಿನಲ್ಲಿ ಮಗ ಹುಟ್ಟೇ ಇಲ್ಲದಿರಬಹುದು ಅನ್ನೋದು ಅವರಿಗೆ ಆಗ ಹೊಳೆಯುತ್ತೆ. ತನ್ನ ಕಡೆ ಗೆದ್ದಿದೆ, ರೈಲು ಜೋರಾಗಿ ಓಡ್ತಿದೆ, ಮಗ ಮಾತ್ರ ಇಲ್ಲ.

‘ಡಾರ್ಕ್’ನ ಮೂರನೇ ಸೀಸನ್ ಬಂದು ನಿಲ್ಲೋದೂ ಇಲ್ಲೇ. ಗಡಿಯಾರ ಮಾಡುವ ಟ್ಯಾನ್‌ಹೌಸ್‌ನ ಮಗ, ಸೊಸೆ, ಮೊಮ್ಮಗಳು ಅಪಘಾತದಲ್ಲಿ ಸತ್ತಿದ್ದರಿಂದ ಅವನು ಯಂತ್ರ ಕಟ್ಟಿದ, ಜಗತ್ತು ಒಡೆಯಿತು. ಯೋನಾಸ್ ಮತ್ತು ಮಾರ್ಥಾ ಹೋಗಿ ಅವರ ಕಾರನ್ನ ತಡೀತಾರೆ. ಮೂವರು ಬದುಕ್ತಾರೆ. ಗಂಟಿನಿಂದ ಹುಟ್ಟಿದವರೆಲ್ಲ ಕರಗಿ ಹೋಗ್ತಾರೆ, ತಡೆದ ಇಬ್ಬರೂ ಸೇರಿ. ಆಮೇಲೆ ಆ ಊಟದ ಮೇಜು. ಹೊರಗೆ ಮಳೆ. ಬಸುರಿ ಹಾನ್ನಾ ಮಗುವಿಗೆ ಯಾವ ಹೆಸರಿಡೋದು ಅಂತ ಯೋಚಿಸ್ತಿರ್ತಾಳೆ. ಯೋನಾಸ್ ಅನ್ನೋ ಹೆಸರು ಚೆನ್ನಾಗಿದೆ ಅಂತಾಳೆ, ಯಾಕೆ ಅಂತ ಅವಳಿಗೆ ಗೊತ್ತಿಲ್ಲ.