ದಸ್ತಗಿರಿ

ದಸ್ತಗಿರಿ ಪಾರಸಿಯಿಂದ ಬಂದ ಪದ. ‘ದಸ್ತ್’ ಎಂದರೆ ಕೈ, ‘ಗೀರ್’ ಎಂದರೆ ಹಿಡಿಯುವವ. ದಸ್ಕತ್ತು, ದಸ್ತಾವೇಜುಗಳಲ್ಲೂ ಇದೇ ಕೈ ಇದೆ. ಪಾರಸಿಯಲ್ಲಿ ಕೈಹಿಡಿದು ಕಾಪಾಡುವುದೂ ದಸ್ತಗಿರಿಯೇ. ನಮ್ಮಲ್ಲಿ ಅದಕ್ಕೆ ಬಂಧನವೆಂಬ ಅರ್ಥವೇ ನಿಂತಿತು.

ಈಗ ವಂಚಕರ ಬಾಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬ ಹೊಸ ಮಾತು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಎಂದು ಶುರುಮಾಡುತ್ತಾರೆ. ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟವನೊಬ್ಬ, ಬಾಗಿಲು ಹಾಕಿಕೊಳ್ಳಿ, ಮನೆಯವರಿಗೂ ಹೇಳಬೇಡಿ, ಕ್ಯಾಮೆರಾ ಮುಂದಿನಿಂದ ಏಳಬೇಡಿ ಎಂದು ಗದರಿಸುತ್ತಾನೆ. ಆಮೇಲೆ ‘ಪರಿಶೀಲನೆ’ಗೆಂದು ಹಣ ಹಾಕಿಸಿಕೊಳ್ಳುತ್ತಾನೆ. ನಿವೃತ್ತರ ಜೀವಮಾನದ ಉಳಿತಾಯ ಹೀಗೆ ಹೋಗುತ್ತಿರುವುದು ಸಂಕಟದ ಸಂಗತಿ.

ಭಾರತದ ಯಾವ ಕಾನೂನಿನಲ್ಲೂ ಇಂಥ ಬಂಧನವಿಲ್ಲ. ಫೋನ್ ಇಟ್ಟುಬಿಡಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.